ದಾರಂದ ಮೊದಲು, ಮನೆ ಆಮೇಲೆ

ಶಿರಸಿ ಹತ್ತಿರದ ನಮ್ಮ ಹಳೇ ಮನೆಯ ಹೆಬ್ಬಾಗಿಲಿಗೆ ಹಲಸಿನ ಮರದ ದಾರಂದ, ಅಂದರೆ ಬಾಗಿಲಿನ ಚೌಕಟ್ಟು, ಇತ್ತು. ಎತ್ತರ ಐದೂವರೆ ಅಡಿ. ಅಪ್ಪ ಪ್ರತಿ ಸಲ ತಲೆ ತಗ್ಗಿಸಿಯೇ ಒಳಗೆ ಬರುತ್ತಿದ್ದರು. ಮೇಲಿನ ಪಟ್ಟಿಯ ನಡುವೆ ಗಜಲಕ್ಷ್ಮಿ, ಆಚೆ ಈಚೆ ಎರಡು ಆನೆ. ಆನೆಗಳ ಹಿಂದಿನಿಂದ ಒಂದೊಂದು ಬಳ್ಳಿ ಹೊರಟು, ಮೂಲೆ ತಿರುಗಿ, ದಾರಂದದ ಎರಡೂ ಕಾಲುಗಳ ಮೇಲೆ ಇಳಿಯುತ್ತಿತ್ತು. ಹೊಸಿಲಿನ ಹತ್ತಿರ ಬಳ್ಳಿಯ ತುದಿಯಲ್ಲಿ ಒಂದೊಂದು ಗಿಳಿ. ನಮ್ಮ ಮನೆಯಲ್ಲಿ ಹುಟ್ಟಿದ ಮಕ್ಕಳೆಲ್ಲ ಎದ್ದು ನಿಲ್ಲಲು ಕಲಿತದ್ದು ಆ ಗಿಳಿಗಳನ್ನು ಹಿಡಿದುಕೊಂಡೇ. ಹಾಗಾಗಿ ಎರಡೂ ಗಿಳಿಗಳ ಕೊಕ್ಕು ಸವೆದು ಬೆಣ್ಣೆಯ ಹಾಗೆ ನುಣ್ಣಗಾಗಿತ್ತು. ದೊಡ್ಡವರು ಬಾಗಿಲಲ್ಲಿ ನಿಂತು ಮಾತಾಡುವಾಗ ಕೈ ಊರುವ ಎತ್ತರದಲ್ಲಿ ಬಳ್ಳಿಯ ಎಲೆಗಳೂ ಸವೆದಿದ್ದವು. ಯಾರ ಕೈಯೂ ತಾಗದ ಜಾಗದಲ್ಲಿ ಮಾತ್ರ ಉಳಿಯ ಗುರುತು ಇನ್ನೂ ಚೂಪಾಗಿತ್ತು.

ಆ ಮನೆಯನ್ನು ಬಿಚ್ಚಿ ಹೊಸದು ಕಟ್ಟುವಾಗ ನಕ್ಷೆ ಬರೆದವಳು ನಾನೇ. ಓದು ಮುಗಿಸಿ, ಕಾರವಾರದಲ್ಲಿ ಕೆಲಸ ಶುರು ಮಾಡಿ ಎರಡನೇ ವರ್ಷ. ಪಿಲ್ಲರ್ ಎಲ್ಲಿ, ಬೀಮ್ ಎಲ್ಲಿ, ಅಡುಗೆಮನೆಗೆ ಬೆಳಕು ಹೇಗೆ ಬರಬೇಕು, ಎಲ್ಲ ಯೋಚನೆ ಮಾಡಿದ್ದೆ. ಹೆಬ್ಬಾಗಿಲಿಗೆ ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲ ಅಂತ ಬರೆದೆ. ಎಲ್ಲರೂ ಹಾಗೇ ಬರೆಯುತ್ತಾರೆ. ಹಳೇ ದಾರಂದವನ್ನು ಕೊಟ್ಟಿಗೆಯಲ್ಲಿ ಸೋಗೆ ಮುಚ್ಚಿ ಜೋಪಾನವಾಗಿ ಇಟ್ಟಿದ್ದೆವು. ಗೋಡೆ ಎದ್ದ ಮೇಲೆ ಅದನ್ನು ತಂದು ಕೂರಿಸೋಣ ಅನ್ನುವುದು ನನ್ನ ಲೆಕ್ಕ.

ಗೋಡೆ ಎದ್ದಿತು. ದಾರಂದ ತಂದೆವು. ಬಾಗಿಲಿನ ಖಾಲಿ ಜಾಗದಲ್ಲಿ ಅದು ಒಂದೂವರೆ ಅಡಿ ಗಿಡ್ಡ. ಮೇಲಿನ ಸಂದಿಗೆ ಇಟ್ಟಿಗೆ ತುಂಬಿ ಸಿಮೆಂಟ್ ಮೆತ್ತಿದೆವು. ಅಷ್ಟರಲ್ಲಿ ಟೈಲ್ಸಿನ ಲೆವೆಲ್ ನಾಲ್ಕು ಬೆರಳು ಮೇಲೆ ಬಂದಿದ್ದು ಗೊತ್ತಾಯಿತು. ಬಾಗಿಲ ಹಲಗೆ ಆಡಬೇಕಲ್ಲ. ನಾನು ಆ ದಿನ ಸೈಟಿನಲ್ಲಿ ಇರಲಿಲ್ಲ. ಸಂಜೆ ಬಂದು ನೋಡಿದರೆ ದಾರಂದದ ಎರಡೂ ಕಾಲುಗಳನ್ನು ಕೆಳಗಿನಿಂದ ಕೊಯ್ದು ಕೂರಿಸಿ ಆಗಿತ್ತು. ಆಯಿ ಹೊಸಿಲ ಹತ್ತಿರ ಕೂತಿದ್ದಳು. ಏನೂ ಬೈಯಲಿಲ್ಲ. "ಗಿಳಿ ಕಾಲು ಎಲ್ಲಿ ಹೋತೇ?" ಅಂತ ಕೇಳಿದಳು, ಅಷ್ಟೇ.

ಕೊಯ್ದವರ ತಪ್ಪು ಅಂತ ನನಗೆ ಯಾವತ್ತೂ ಅನಿಸಿಲ್ಲ. ನಕ್ಷೆಯಲ್ಲಿ ದಾರಂದಕ್ಕೆ ಜಾಗವೇ ಇರಲಿಲ್ಲ. ಏಳು ಅಡಿಯ ಒಂದು ತೂತು ಮಾತ್ರ ಇತ್ತು. ಶಿಲ್ಪಕ್ಕೂ ಈಗಿನ ಕಟ್ಟಡಕ್ಕೂ ಏನು ಸಂಬಂಧ ಅಂತ ನಾನು ಯೋಚನೆ ಮಾಡಲು ಶುರು ಮಾಡಿದ್ದು ಆ ನಾಲ್ಕು ಬೆರಳಿನಿಂದ.

ನಮ್ಮ ಕೆಲಸದಲ್ಲಿ ದಿನಾ ಕಿವಿಗೆ ಬೀಳುವ ಒಂದು ಮಾತಿದೆ: ಎಲಿವೇಷನ್. ಓದುವಾಗ ಅದರ ಅರ್ಥ ಕಟ್ಟಡವನ್ನು ಎದುರಿನಿಂದ ನೋಡಿದಂತೆ ಬರೆದ ಚಿತ್ರ. ಊರಿನಲ್ಲಿ ಅರ್ಥ ಬೇರೆ. "ಮನೆ ಆಯ್ತು, ಇನ್ನು ಎಲಿವೇಷನ್ ಮಾಡಬೇಕು" ಅನ್ನುತ್ತಾರೆ. ಅಂದರೆ ಮುಂದಿನ ಗೋಡೆಗೆ ಒಂದಿಷ್ಟು ಪಟ್ಟಿ, ಒಂದಿಷ್ಟು ಕಲ್ಲಿನ ತುಂಡು, ಮಷೀನಿನಲ್ಲಿ ಕೊರೆದ ಜಾಲಿ, ಕೆಲವರಿಗೆ ಗಣಪತಿ, ಕೆಲವರಿಗೆ ಕುದುರೆ. ಎಲ್ಲ ಆದ ಮೇಲೆ, ಪೇಂಟಿಗೆ ಸ್ವಲ್ಪ ಮೊದಲು ಇದು ಬರುತ್ತದೆ. ದುಡ್ಡು ಉಳಿದರೆ ಜಾಸ್ತಿ, ಇಲ್ಲದಿದ್ದರೆ ಕಡಿಮೆ. ಒಮ್ಮೆ ಒಂದು ದೊಡ್ಡ ಕಟ್ಟಡದ ಎಸ್ಟಿಮೇಟ್ ನನ್ನ ಕೈಗೆ ಬಂದಿತ್ತು. ಅದರಲ್ಲಿ ಕಲ್ಲಿನ ಮೂರ್ತಿಗಳು "ಇತರೆ" ಅನ್ನುವ ಸಾಲಿನಲ್ಲಿದ್ದವು. ಅದೇ ಸಾಲಿನಲ್ಲಿ ಹೂವಿನ ಕುಂಡ, ಬೋರ್ಡು. ಓದಿ ಬೇಸರವಾಯಿತು. ಕಲ್ಲು ಕೆತ್ತುವವರ ಮೂರು ತಿಂಗಳ ಕೆಲಸ ಹೂಕುಂಡದ ಜೊತೆಗೆ ಒಂದೇ ಸಾಲಿನಲ್ಲಿ!

ನಮ್ಮ ಜಿಲ್ಲೆಯ ಹಳೇ ಕಟ್ಟಡಗಳನ್ನು ನೋಡಿದರೆ ಈ "ಆಮೇಲೆ" ಅನ್ನುವುದು ಅಲ್ಲಿ ಎಲ್ಲೂ ಸಿಗುವುದಿಲ್ಲ. ಭಟ್ಕಳದ ಖೇತಪೈ ನಾರಾಯಣ ದೇವಸ್ಥಾನಕ್ಕೆ ನಾನು ಮಳೆಗಾಲದಲ್ಲೇ ಹೋಗುತ್ತೇನೆ. 16ನೇ ಶತಮಾನದ ಕಟ್ಟಡ. ಮಾಡು ಪೂರಾ ಕಲ್ಲಿನದು. ಆದರೆ ಇಳಿಜಾರು ನಮ್ಮ ಹೆಂಚಿನ ಮನೆಗಳ ಹಾಗೇ ಇದೆ. ಚಪ್ಪಡಿ ಮೇಲೆ ಚಪ್ಪಡಿ, ನೀರು ನಿಲ್ಲದ ಹಾಗೆ. ಕಂಬಗಳ ನಡುವೆ ಕಲ್ಲಿನ ಪಟ್ಟಿಗಳನ್ನು ಅಡ್ಡಲಾಗಿ ಓರೆಯಾಗಿ ಕೂರಿಸಿದ ತಡಿಕೆ. ಮರದಲ್ಲಿ ಮಾಡುವ ಕೆಲಸವನ್ನು ಕಲ್ಲಿನಲ್ಲಿ ಮಾಡಿದ್ದಾರೆ. ಗಾಳಿ ಒಳಗೆ ಬರುತ್ತದೆ, ಇರಚಲು ಹೊರಗೇ ನಿಲ್ಲುತ್ತದೆ. ಗೋಡೆಯ ಮೇಲೆ ರಾಮಾಯಣದ ಸಣ್ಣ ಸಣ್ಣ ಉಬ್ಬು ಚಿತ್ರಗಳಿವೆ. ಜೂನ್ ತಿಂಗಳಲ್ಲಿ ಅಲ್ಲಿ ನಿಂತರೆ ತಡಿಕೆಯಲ್ಲಿ ಶಿಲ್ಪ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಅಂತ ಹೇಳಲು ಆಗುವುದಿಲ್ಲ. ಆ ಪಟ್ಟಿಗಳನ್ನು ತೆಗೆದರೆ ಕಟ್ಟಡದ ಒಳಗೆ ಮಳೆ ಬರುತ್ತದೆ. ಈಗಿನ ಜಾಲಿಯನ್ನು ತೆಗೆದರೆ ಏನೂ ಆಗುವುದಿಲ್ಲ, ಅಲ್ವಾ?

ಬನವಾಸಿಯ ಮಧುಕೇಶ್ವರನ ಮುಂದಿನ ಮಂಟಪದಲ್ಲೂ ಹೀಗೇ. ತಿರುಗಣೆಗೆ ಹಾಕಿ ಕಡೆದ ಕಂಬಗಳು ಕನ್ನಡಿಯ ಹಾಗೆ ಹೊಳೆಯುತ್ತವೆ. ನಮ್ಮ ಬಿಂಬ ಒಂದು ಕಡೆ ನೆಟ್ಟಗೆ, ಇನ್ನೊಂದು ಕಡೆ ತಲೆಕೆಳಗಾಗಿ ಕಾಣುತ್ತದೆ. ಮಕ್ಕಳು ಅದನ್ನೇ ನೋಡುತ್ತಾ ನಿಲ್ಲುತ್ತಾರೆ. ಆದರೆ ಆ ಕಂಬಗಳು ಸುಮ್ನೆ ನಿಂತಿಲ್ಲ. ಮೇಲಿನ ಅಷ್ಟೂ ಕಲ್ಲಿನ ಭಾರ ಅವುಗಳ ತಲೆ ಮೇಲೆ ಇದೆ. ಗರ್ಭಗುಡಿಯಿಂದ ಅಭಿಷೇಕದ ನೀರು ಹೊರಗೆ ಬರುವ ಕಡೆ ನಮ್ಮ ಎಷ್ಟೋ ದೇವಸ್ಥಾನಗಳಲ್ಲಿ ಮಕರದ ಬಾಯಿ ಕೆತ್ತಿರುತ್ತಾರೆ. ಈಗ ನಾವು ಆ ಕೆಲಸಕ್ಕೆ ನಾಲ್ಕಿಂಚಿನ ಪಿವಿಸಿ ಪೈಪ್ ಹಾಕುತ್ತೇವೆ. ಆಮೇಲೆ ಅದನ್ನು ಹೇಗೆ ಅಡಗಿಸುವುದು ಅಂತ ಯೋಚಿಸುತ್ತೇವೆ.

ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳ ಮೇಲಿನ ಕಾವಿ ಚಿತ್ರಗಳನ್ನು ನಾನು ಚಿಕ್ಕವಳಿದ್ದಾಗಿಂದ ನೋಡುತ್ತಾ ಬಂದಿದ್ದೇನೆ. ಅದು ಗೋಡೆಗೆ ಬಳಿದ ಬಣ್ಣ ಅಂತಲೇ ತಿಳಿದಿದ್ದೆ. ಅದನ್ನು ಮಾಡುವ ಕ್ರಮ ಬೇರೆ. ಮೊದಲು ಸುಣ್ಣ, ಮರಳು, ಬೆಲ್ಲದ ನೀರು ಸೇರಿಸಿ ಕೊಳೆಹಾಕಿ ಕುಟ್ಟಿದ ಗಾರೆ. ಅದರ ಮೇಲೆ ಕೆಮ್ಮಣ್ಣು ಸೇರಿಸಿದ ಗಾರೆಯ ತೆಳು ಪದರ. ಅದು ಇನ್ನೂ ಹಸಿ ಇರುವಾಗಲೇ ಕಬ್ಬಿಣದ ಕಡ್ಡಿಯಿಂದ ಕೆರೆಯುತ್ತಾರೆ. ಕೆರೆದಲ್ಲಿ ಕೆಳಗಿನ ಬಿಳಿ ಕಾಣುತ್ತದೆ. ಉಳಿದದ್ದು ಕೆಂಪು. ಅಂದರೆ ಗಾರೆಯವರು ಹೋದ ಮೇಲೆ ಚಿತ್ರದವರು ಬರುವ ಹಾಗಿಲ್ಲ. ಇಬ್ಬರೂ ಒಂದೇ ದಿನ, ಒಂದೇ ಅಟ್ಟಣಿಗೆಯ ಮೇಲೆ ಇರಬೇಕು. ಗಾರೆ ಒಣಗಿದರೆ ಮುಗಿಯಿತು.

ಇದನ್ನೆಲ್ಲ ಬರೆಯುವಾಗ, ಹಿಂದಿನದೇ ಚಂದ, ಈಗಿನದು ಏನೂ ಇಲ್ಲ ಅನ್ನುವ ಕಡೆಗೆ ಮಾತು ಜಾರಬಹುದು. ನನಗೆ ಹಾಗೆ ಅನಿಸುವುದಿಲ್ಲ. ಕಾಂಕ್ರೀಟು, ಕಬ್ಬಿಣ, ಗಾಜು ನನ್ನ ದಿನದ ಅನ್ನ. ಅವುಗಳನ್ನು ನಾನು ಪ್ರೀತಿಸುತ್ತೇನೆ. ಹಳೇ ದೇವಸ್ಥಾನದಲ್ಲಿ ಕಂಡ ಸಂಬಂಧ ಹೊಸ ಕಟ್ಟಡಗಳಲ್ಲೂ ಕೆಲವು ಕಡೆ ಕಾಣುತ್ತದೆ.

1929ರಲ್ಲಿ ಬಾರ್ಸಿಲೋನಾದ ವಸ್ತುಪ್ರದರ್ಶನಕ್ಕೆ ಜರ್ಮನಿಯವರು ಒಂದು ಪೆವಿಲಿಯನ್, ಅಂದರೆ ಪ್ರದರ್ಶನದ ಮಂಟಪ, ಕಟ್ಟಿದರು. ಅದನ್ನು ಮಾಡಿದವರು ಮೀಸ್ ವಾನ್ ಡೆರ್ ರೋಹೆ. ಈಗಿನ ವಾಸ್ತುಶಿಲ್ಪದ ಪಾಠದಲ್ಲಿ ಮೊದಲ ವಾರವೇ ಅದರ ಫೋಟೋ ತೋರಿಸುತ್ತಾರೆ. ತೆಳು ಚಪ್ಪಟೆ ಮಾಡು, ಉಕ್ಕಿನ ಸಣ್ಣ ಕಂಬ, ಕಲ್ಲಿನ ನೇರ ಗೋಡೆ. ಎಲ್ಲೂ ಒಂದು ಗೆರೆ ಬಾಗಿಲ್ಲ. ಒಂದು ತುದಿಯಲ್ಲಿ ಸಣ್ಣ ಕೊಳ. ಕೊಳದಲ್ಲಿ ಒಬ್ಬಳು ಹೆಂಗಸು, ಕೈ ಮೇಲೆತ್ತಿ ನಿಂತಿದ್ದಾಳೆ. ಗೇಯೋರ್ಗ್ ಕೋಲ್ಬೆ ಮಾಡಿದ ಮೂರ್ತಿ. ಇಡೀ ಕಟ್ಟಡದಲ್ಲಿ ದುಂಡಗೆ ಇರುವುದು ಅವಳ ಮೈ ಒಂದೇ. ಒಳಗೆ ನಡೆಯುತ್ತಾ ಬಂದವರಿಗೆ ಗೋಡೆಯ ಸಂದಿಯಲ್ಲಿ, ಗಾಜಿನಲ್ಲಿ, ನೀರಿನಲ್ಲಿ ಅವಳೇ ಕಾಣುತ್ತಾಳೆ. ಆ ಮೂರ್ತಿಯನ್ನು ಕೋಲ್ಬೆ ಅದೇ ಕಟ್ಟಡಕ್ಕೆ ಅಂತ ಮಾಡಿದ್ದಲ್ಲ, ಮೊದಲೇ ಮಾಡಿದ್ದು. ಆದರೆ ಮೂರ್ತಿ ನಿಲ್ಲುವ ಜಾಗ ನಕ್ಷೆಯಲ್ಲೇ ಇತ್ತು.

ಆ ಪೆವಿಲಿಯನ್ನಿನ ಇನ್ನೊಂದು ಕತೆ ನನಗೆ ಇದಕ್ಕಿಂತ ಹತ್ತಿರದ್ದು. ನಡುವಿನ ಗೋಡೆಗೆ ಮೀಸ್‌ಗೆ ಒಳ್ಳೆಯ ಕಲ್ಲು ಬೇಕಿತ್ತು. ಚಳಿಗಾಲ, ಗಣಿಯಿಂದ ಹೊಸ ಕಲ್ಲು ತರಿಸುವ ಹಾಗಿರಲಿಲ್ಲ. ಹುಡುಕುತ್ತಾ ಹೋದಾಗ ಒಂದು ಕಡೆ ಹೊನ್ನಿನ ಬಣ್ಣದ ಓನಿಕ್ಸ್ ಕಲ್ಲಿನ ಒಂದು ದಿಮ್ಮಿ ಸಿಕ್ಕಿತು. ಆ ಕಲ್ಲಿನ ಎತ್ತರದ ಎರಡು ಪಟ್ಟು ಎಷ್ಟಾಗುತ್ತದೋ ಅಷ್ಟೇ ಎತ್ತರಕ್ಕೆ ಅವರು ಇಡೀ ಪೆವಿಲಿಯನ್ನನ್ನು ನಿಲ್ಲಿಸಿದರು. ಕಲ್ಲಿನ ಎತ್ತರವನ್ನು ಕೊಯ್ದು ಕಡಿಮೆ ಮಾಡಲಿಲ್ಲ. ಮನೆಯನ್ನು ಕಲ್ಲಿಗೆ ಹೊಂದಿಸಿದರು. ಇದನ್ನು ಓದಿದ ದಿನ ನನಗೆ ನಮ್ಮ ಗಿಳಿಗಳೇ ಕಣ್ಣ ಮುಂದೆ ಬಂದವು.

ಕಾರವಾರದ ನನ್ನ ಆಫೀಸಿನಿಂದ ಸಮುದ್ರ ಹತ್ತಿರ. ಸಂಜೆ ಟಾಗೋರ್ ಬೀಚಿಗೆ ಹೋಗುತ್ತೇನೆ. ಅಲ್ಲಿ ಚಾಪಲ್ ಯುದ್ಧನೌಕೆಯನ್ನು ಮರಳ ಮೇಲೆ ತಂದು ನಿಲ್ಲಿಸಿದ್ದಾರೆ, ಈಗ ಅದು ವಸ್ತುಸಂಗ್ರಹಾಲಯ. ನೋಡಲು ಚಂದ ಇರಲಿ ಅಂತ ಯಾರೂ ಅದನ್ನು ಮಾಡಿದ್ದಲ್ಲ. ಆದರೂ ಮಕ್ಕಳು ಅದರ ಮೂತಿಯ ಕೆಳಗೆ ನಿಂತು ಕತ್ತೆತ್ತಿ ನೋಡುವಾಗ ಅದೊಂದು ಶಿಲ್ಪವೇ. ಬೀಚಿಗೆ ಟಾಗೋರರ ಹೆಸರು ಬಂದದ್ದು ಅವರು ಚಿಕ್ಕ ವಯಸ್ಸಿನಲ್ಲಿ ಇಲ್ಲಿಗೆ ಬಂದಿದ್ದರಿಂದ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು. ಆ ಟಾಗೋರರ ಶಾಂತಿನಿಕೇತನದಲ್ಲಿ ಕಲಿತು, ಅಲ್ಲೇ ಕಲಿಸಿದವರು ಶಿಲ್ಪಿ ರಾಮ್‌ಕಿಂಕರ್ ಬೈಜ್.

ರಾಮ್‌ಕಿಂಕರರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 1938ರಲ್ಲಿ ಅವರು ಶಾಂತಿನಿಕೇತನದ ಬಯಲಿನಲ್ಲಿ ಸಂತಾಲ ಬುಡಕಟ್ಟಿನ ಒಂದು ಕುಟುಂಬವನ್ನು ಮಾಡಿದರು. ಗಂಡ, ಹೆಂಡತಿ, ಮಗು, ನಾಯಿ, ಮನೆಯ ಸಾಮಾನು ಹೊತ್ತು ಎಲ್ಲಿಗೋ ಹೊರಟಿದ್ದಾರೆ. ಅದನ್ನು ಮಾಡಿದ್ದು ಕಂಚಿನಲ್ಲಿ ಅಲ್ಲ, ಅಮೃತಶಿಲೆಯಲ್ಲೂ ಅಲ್ಲ. ಸಿಮೆಂಟಿಗೆ ಲ್ಯಾಟರೈಟಿನ ಹರಳು ಸೇರಿಸಿ ಮಾಡಿದರು. ಲ್ಯಾಟರೈಟ್ ಅಂದರೆ ನಮ್ಮ ಚಿರೇಕಲ್ಲೇ. ಆ ಹೆಸರನ್ನು ಕೊಟ್ಟದ್ದು ಫ್ರಾನ್ಸಿಸ್ ಬುಕಾನನ್, 1807ರಲ್ಲಿ. ನಮ್ಮ ಕರಾವಳಿಯ ಉದ್ದಕ್ಕೂ ತಿರುಗಾಡಿ ಹೋದ ಮನುಷ್ಯ. ನಮ್ಮಲ್ಲಿ ಆ ಕಲ್ಲಿನಿಂದ ಗೋಡೆ ಕಟ್ಟುತ್ತೇವೆ, ಬಾವಿ ಕಟ್ಟುತ್ತೇವೆ, ಪಾಗಾರ ಹಾಕುತ್ತೇವೆ. ಮೂರ್ತಿ ಮಾಡುವುದಿಲ್ಲ. ಅದರ ಮೈ ತುಂಬಾ ತೂತು, ಉಳಿ ಇಟ್ಟರೆ ಪುಡಿಯಾಗುತ್ತದೆ, ಸಣ್ಣ ಕೆಲಸಕ್ಕೆ ಬಗ್ಗುವುದಿಲ್ಲ. ಹಾಗಾಗಿ ಚಿರೇಕಲ್ಲಿನ ಗೋಡೆಯ ನಡುವೆ ಮೂರ್ತಿಗೆ ಮಾತ್ರ ಬೇರೆ ಕಡೆಯಿಂದ ಕಪ್ಪು ಕಲ್ಲು ಬರುತ್ತಿತ್ತು. ರಾಮ್‌ಕಿಂಕರರು ಅದೇ ಕೆಂಪು ಹರಳನ್ನು ಕಟ್ಟಡದ ಸಿಮೆಂಟಿನಲ್ಲಿ ಕಲಸಿ, ಕೈಯಿಂದ ಮೆತ್ತಿ ಮೆತ್ತಿ ಮನುಷ್ಯರನ್ನು ಎಬ್ಬಿಸಿದರು. ನಮ್ಮ ಮೇಸ್ತ್ರಿಗಳ ಹತ್ತಿರ ಇರುವ ಸಾಮಾನಿನಲ್ಲೇ. ಇದು ನನಗೆ ದೊಡ್ಡ ಧೈರ್ಯ ಕೊಟ್ಟ ವಿಷಯ.

ಅವರೇ ಮುಂದೆ ದೆಹಲಿಯ ರಿಸರ್ವ್ ಬ್ಯಾಂಕ್ ಕಟ್ಟಡದ ಬಾಗಿಲಿನ ಎರಡೂ ಕಡೆ ಯಕ್ಷ ಮತ್ತು ಯಕ್ಷಿಯನ್ನು ಕೆತ್ತಿದರು. ಕಲ್ಲು ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯದು. 1950ರ ದಶಕದಲ್ಲಿ ಒಪ್ಪಿಕೊಂಡ ಕೆಲಸ ಮುಗಿದದ್ದು 1960ರ ದಶಕದಲ್ಲಿ. ಯಕ್ಷ ಕೈಗಾರಿಕೆಗೆ, ಯಕ್ಷಿ ಬೇಸಾಯಕ್ಕೆ. ಎದುರಿನಿಂದ ನೋಡಿದರೆ ಅವರಿಬ್ಬರೂ ನಮ್ಮ ದೇವಸ್ಥಾನದ ದ್ವಾರಪಾಲಕರ ಜಾಗದಲ್ಲೇ ಇದ್ದಾರೆ. ಚೌಕ ಚೌಕ ಕಿಟಕಿಯ ಒಂದು ಆಫೀಸಿಗೆ ಬಾಗಿಲು ಎಲ್ಲಿ, ಒಳಗೆ ಹೋಗುವುದು ಅಂದರೆ ಏನು ಅಂತ ಹೇಳುವವರು ಅವರೇ.

ಮುರುಡೇಶ್ವರದ ಮಾತು ಎತ್ತದೆ ಇದ್ದರೆ ನಮ್ಮ ಜಿಲ್ಲೆಯವರು ಬಿಡುವುದಿಲ್ಲ. 123 ಅಡಿಯ ಶಿವ. ಪಕ್ಕದಲ್ಲಿ 237 ಅಡಿಯ, ಲಿಫ್ಟ್ ಇರುವ, 20 ಅಂತಸ್ತಿನ ರಾಜಗೋಪುರ. ಅಲ್ಲಿ ಶಿಲ್ಪ ಕಟ್ಟಡವೇ ಆಗಿಬಿಟ್ಟಿದೆ. ಶಿವನ ಕೆಳಗೆ ಗುಹೆಯ ಹಾಗೆ ಮಾಡಿ ಭೂಕೈಲಾಸದ ಕತೆ ತೋರಿಸುತ್ತಾರೆ. ಗೋಪುರದ ಮೇಲೆ ಹೋದರೆ ಕಿಟಕಿಯಿಂದ ಶಿವನ ಮುಖ ಕಾಣುತ್ತದೆ. ಒಂದು ಕಟ್ಟಡದಿಂದ ಇನ್ನೊಂದನ್ನು ನೋಡುವ ಹಾಗೆ. ಇದು ಹೊಸದೂ ಅಲ್ಲ. 1886ರಲ್ಲಿ ನ್ಯೂಯಾರ್ಕಿನಲ್ಲಿ ನಿಂತ ಸ್ವಾತಂತ್ರ್ಯ ದೇವಿಗೆ ಒಳಗಿನ ಕಬ್ಬಿಣದ ಅಸ್ಥಿಪಂಜರ ಮಾಡಿದ್ದು ಗುಸ್ತಾವ್ ಐಫೆಲ್. ಮೇಲಿನ ತಾಮ್ರದ ಚರ್ಮ ಬರೀ 2.4 ಮಿಲಿಮೀಟರ್ ದಪ್ಪ. ಒಳಗಿನ ಗೂಡು ಭಾರ ಹೊರುತ್ತದೆ, ಹೊರಗಿನ ಚರ್ಮ ಸುಮ್ಮನೆ ತೂಗಿಕೊಂಡಿರುತ್ತದೆ. ಈಗಿನ ಗಾಜಿನ ಕಟ್ಟಡಗಳೆಲ್ಲ ನಿಂತಿರುವುದು ಇದೇ ಉಪಾಯದ ಮೇಲೆ. 182 ಮೀಟರಿನ ಸರ್ದಾರ್ ಪಟೇಲರ ಮೂರ್ತಿಯ ಒಳಗೂ ಕಾಂಕ್ರೀಟಿನ ಗೋಪುರ, ಲಿಫ್ಟ್ ಇವೆ.

ಆ ಎತ್ತರ ನೋಡಿ ನನಗೂ ಮೈ ಜುಂ ಅನ್ನುತ್ತದೆ. ಆದರೆ ಕೈಗೆ ಸಿಗುವ ಶಿಲ್ಪವೇ ನನ್ನ ಮನಸ್ಸಿಗೆ ಹತ್ತಿರ. ಕೊಕ್ಕು ಸವೆಯುವಷ್ಟು ಹತ್ತಿರ ಇರುವುದು.

ಕೆಲವು ವರ್ಷದ ಹಿಂದೆ ಆ ಗಿಳಿಗಳ ಕಾಲನ್ನು ಜೋಡಿಸಿಕೊಡಬಹುದಾ ಅಂತ ಕೇಳಲು ಕುಮಟಾದ ಒಬ್ಬ ಹಿರಿಯ ಗುಡಿಗಾರರ ಹತ್ತಿರ ಹೋಗಿದ್ದೆ. ಶ್ರೀಗಂಧ, ಶಿವನೆ ಮರದ ಕೆತ್ತನೆಯಲ್ಲಿ ಕೈ ಪಳಗಿದ ಮನೆತನ. ಫೋಟೋವನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಮೊದಲು ದಾರಂದ ಇಟ್ರೋ, ಗೋಡೆ ಎಬ್ಬಿಸಿದ್ರೋ?"

"ಗೋಡೆ ಎಬ್ಬಿಸಿ ಆಗಿತ್ತು."

"ದಾರಂದ ಇಡುವ ಮುಹೂರ್ತ ಅಂತ ಯಾಕೆ ಮಾಡ್ತಾರೆ ತಂಗಿ? ಪಾಯದ ಮೇಲೆ ಮೊದಲು ನಿಲ್ಲೋದೇ ಅದು. ಅದಕ್ಕೆ ಅರಿಶಿನ ಕುಂಕುಮ, ಹೂವು, ಕಾಯಿ. ಗೋಡೆ ಆಮೇಲೆ ಅದರ ಪಕ್ಕಕ್ಕೆ ಬರ್ತದೆ."

ನಾನು ಎಷ್ಟು ಮನೆಗಳ ದಾರಂದದ ಪೂಜೆಗೆ ಹೋಗಿ ಕೇಸರಿಬಾತು ತಿಂದು ಬಂದಿದ್ದೇನೋ! ಒಂದು ದಿನವೂ ಹೀಗೆ ಹೊಳೆದಿರಲಿಲ್ಲ. ಪದ್ಧತಿ ಇನ್ನೂ ಇದೆ. ಕೆತ್ತನೆ ಮಾತ್ರ ಹೋಗಿ ಸಾದಾ ಚೌಕಟ್ಟು ಉಳಿದಿದೆ. ಗಿಳಿಯ ಕಾಲನ್ನು ಅವರು ಜೋಡಿಸಲಿಲ್ಲ. "ಅದನ್ನು ಕೆತ್ತಿದವ ನಾನಲ್ಲ. ಹಾಗೇ ಇರಲಿ ಬಿಡಿ" ಅಂದರು. ನನಗೂ ಅದೇ ಸರಿ ಅನಿಸಿತು. ದಾರಂದ ಇವತ್ತಿಗೂ ಹಾಗೇ ಇದೆ.

ಅವರ ಜೊತೆ ಒಂದು ಕೆಲಸ ಮಾಡಬೇಕು ಅಂತ ಅವತ್ತೇ ಮನಸ್ಸಿಗೆ ಬಂದಿತ್ತು. ಆದರೆ ಕಾಂಕ್ರೀಟಿನಲ್ಲಿ ಗುಡಿಗಾರರಿಗೆ ಏನು ಕೆಲಸ? ಇಲ್ಲಿ ಒಂದು ಕಷ್ಟ ಇದೆ. ಕಾಂಕ್ರೀಟಿನ ಒಳಗೆ ಕಬ್ಬಿಣ ಇರುತ್ತದೆ. ಸಮುದ್ರದ ಉಪ್ಪು ಗಾಳಿ ಆ ಕಬ್ಬಿಣವನ್ನು ತಿನ್ನುತ್ತದೆ. ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಕಾಂಕ್ರೀಟನ್ನೇ ಒಡೆಯುತ್ತದೆ. ಅದಕ್ಕೇ ಕರಾವಳಿಯ ಕಟ್ಟಡದಲ್ಲಿ ಕಬ್ಬಿಣದ ಮೇಲೆ 45 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಇರಬೇಕು ಅಂತ ಕಾಂಕ್ರೀಟ್ ಕೆಲಸದ ನಮ್ಮ ದೇಶದ ನಿಯಮಾವಳಿ ಐಎಸ್ 456 ಹೇಳುತ್ತದೆ. ಗೋಡೆ ಆದ ಮೇಲೆ ಉಳಿ ತಗೊಂಡು ಕೆತ್ತಲು ಹೋದರೆ ಆ ಹೊದಿಕೆಯನ್ನೇ ಕೆತ್ತಿ ಹಾಕಿದ ಹಾಗೆ. ನಾಲ್ಕು ಮಳೆಗಾಲದಲ್ಲಿ ಗೋಡೆಯ ಮೇಲೆ ತುಕ್ಕಿನ ಗೆರೆ ಬರುತ್ತದೆ.

ಇದಕ್ಕೆ ದಾರಿ ತೋರಿಸಿದ್ದು ಚಂಡೀಗಢ. ಆ ಊರನ್ನು ರೂಪಿಸಿದ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೇ ಅಂದರೆ ಜನರಿಗೆ ಅಲ್ಲಿನ ತೆರೆದ ಹಸ್ತ ನೆನಪಾಗುತ್ತದೆ. 26 ಮೀಟರ್ ಎತ್ತರ, ಗಾಳಿ ಬೀಸಿದ ಕಡೆ ತಿರುಗುವ ಕೈ. 1965ರಲ್ಲಿ ಅವರು ತೀರಿಕೊಂಡು 20 ವರ್ಷದ ಮೇಲೆ, 1985ರಲ್ಲಿ ಅದು ನಿಂತಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಕಾಂಕ್ರೀಟ್ ಗೋಡೆಗಳ ಮೇಲೆ ಇರುವ ಸಣ್ಣ ಗುರುತುಗಳು. ಸೂರ್ಯ, ಮೀನು, ಎತ್ತು, ಕೈ ಎತ್ತಿದ ಮನುಷ್ಯ. ಅವುಗಳನ್ನು ಕೆತ್ತಿಲ್ಲ. ಕಾಂಕ್ರೀಟ್ ಸುರಿಯುವ ಮೊದಲೇ, ಅದನ್ನು ಗಟ್ಟಿಯಾಗುವ ತನಕ ಹಿಡಿದಿಡುವ ಸೆಂಟ್ರಿಂಗ್ ಹಲಗೆಯ ಒಳಮೈಗೆ ಮರದ ಆಕಾರಗಳನ್ನು ಹೊಡೆದಿದ್ದಾರೆ. ಹಲಗೆ ಬಿಚ್ಚಿದಾಗ ಗುರುತು ಗೋಡೆಯಲ್ಲಿ ಮೂಡಿದೆ. ಅಂದರೆ ಕಾಂಕ್ರೀಟಿನ ಶಿಲ್ಪಿ ಗೋಡೆ ಹುಟ್ಟುವ ಮೊದಲೇ ಬಂದಿರಬೇಕು. ದಾರಂದದ ಹಾಗೇ. ಕಾವಿಯ ಹಾಗೇ.

ಎರಡು ವರ್ಷದ ಹಿಂದೆ ಕುಮಟಾದ ಕಡೆ ನಿವೃತ್ತ ಮೇಷ್ಟ್ರೊಬ್ಬರ ಮನೆ ಕೆಲಸ ಬಂತು. ಪಡುವಣಕ್ಕೆ ಒಂದು ದೊಡ್ಡ ಗೋಡೆ. ಮಳೆಯ ಅಷ್ಟೂ ಏಟು ಅದಕ್ಕೇ. ಮಾಡಿನ ನೀರೂ ಅಲ್ಲೇ ಇಳಿಯಬೇಕು. ನಕ್ಷೆ ಬರೆಯುವ ಮೊದಲು ಗುಡಿಗಾರರನ್ನು ಖಾಲಿ ಜಾಗಕ್ಕೆ ಕರೆದುಕೊಂಡು ಹೋದೆ. ಪಾಯದ ಗೆರೆ ಸಹ ಹಾಕಿರಲಿಲ್ಲ. ಅವರು ಚಪ್ಪಲಿ ಬಿಟ್ಟು ಒಂದು ಸುತ್ತು ನಡೆದರು. ಮಳೆ ಯಾವ ಕಡೆಯಿಂದ ಓರೆಯಾಗಿ ಬರುತ್ತದೆ ಅಂತ ಮೇಷ್ಟ್ರನ್ನು ಕೇಳಿದರು. ಪಕ್ಕದ ತೆಂಗಿನ ಮರದ ಯಾವ ಮಗ್ಗುಲಲ್ಲಿ ಹಾವಸೆ ಜಾಸ್ತಿ ಇದೆ ಅಂತ ಕೈಯಾಡಿಸಿ ನೋಡಿದರು. "ಪೈಪ್ ಯಾಕೆ? ನೀರು ಗೋಡೆ ಮೇಲೇ ಇಳಿಯಲಿ. ಅದಕ್ಕೊಂದು ದಾರಿ ಮಾಡಿಕೊಡುವ" ಅಂದರು.

ಹಾಗೆ ಆ ಬಳ್ಳಿ ಹುಟ್ಟಿತು. ಮಾಡಿನ ಮೂಲೆಯಿಂದ ಹೊರಟು, ತಿರುಗಿ ತಿರುಗಿ ಕೆಳಗಿಳಿದು, ಕಲ್ಲಿನ ಒಂದು ದೋಣಿಗೆ ಬಂದು ಸೇರುವ ಬಳ್ಳಿ. ಬಳ್ಳಿಯೇ ನೀರಿನ ಕಾಲುವೆ. ಗೋಡೆಯ ದಪ್ಪವನ್ನು ನಾನು ಒಂದೂವರೆ ಇಂಚು ಜಾಸ್ತಿ ಮಾಡಿದೆ, ತಗ್ಗಿನ ಜಾಗದಲ್ಲೂ 45 ಮಿಲಿಮೀಟರ್ ಹೊದಿಕೆ ಉಳಿಯಲಿ ಅಂತ. ಅವರು ಶಿವನೆ ಮರದ ಹಲಗೆಗಳಲ್ಲಿ ಅಚ್ಚು ಕೆತ್ತಿದರು. ಎಲ್ಲ ಉಲ್ಟಾ. ಮರದಲ್ಲಿ ಉಬ್ಬಿದ್ದು ಕಾಂಕ್ರೀಟಿನಲ್ಲಿ ತಗ್ಗು. ಎಡಕ್ಕೆ ತಿರುಗಿದ ಎಲೆ ಬಲಕ್ಕೆ. ಬಯಲುಸೀಮೆಯಲ್ಲಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುತ್ತಾರಲ್ಲ, ಆ ಮರದ ಅಚ್ಚುಗಳ ಹಾಗೆ. ಒಂದು ವಿಷಯ ನಾನು ಹೇಳುವ ಮೊದಲೇ ಅವರಿಗೆ ಗೊತ್ತಿತ್ತು. ಉಬ್ಬಿನ ಅಂಚು ಬುಡದಲ್ಲಿ ಅಗಲ, ತುದಿಯಲ್ಲಿ ಸಣ್ಣ ಇರಬೇಕು. ಸ್ವಲ್ಪ ಒಳಮುಖ ಆದರೂ ಅಚ್ಚು ಕಾಂಕ್ರೀಟಿನಲ್ಲೇ ಸಿಕ್ಕಿಕೊಳ್ಳುತ್ತದೆ. ಪ್ರತಿ ಎಲೆಯ ಅಂಚಿಗೂ ಅವರು ಬೆರಳ ಉಗುರು ಎಳೆದು ನೋಡುತ್ತಿದ್ದರು. ಉಗುರು ತಡೆದರೆ ಮತ್ತೆ ಉಳಿ.

ಕಾಂಕ್ರೀಟ್ ಹಾಕಿದ ದಿನ ಸೆಂಟ್ರಿಂಗಿನ ಹುಡುಗರು ಯಾರೂ ಜೋರಾಗಿ ಮಾತಾಡಲಿಲ್ಲ. ಅಚ್ಚಿಗೆ ಎಣ್ಣೆ ಹಚ್ಚಿದ್ದು ಗುಡಿಗಾರರೇ, ಬಟ್ಟೆಯಲ್ಲಿ ಅದ್ದಿ, ಮಗುವಿಗೆ ಎಣ್ಣೆ ಹಚ್ಚಿದ ಹಾಗೆ. ಎರಡು ದಿನ ಬಿಟ್ಟು ಹಲಗೆ ಬಿಚ್ಚಿದೆವು. ಮೇಲಿನ ಎರಡು ಎಲೆಗಳಲ್ಲಿ ಗಾಳಿಗುಳ್ಳೆಯ ಸಣ್ಣ ತೂತುಗಳಿದ್ದವು. ಉಳಿದದ್ದು ಸರಿಯಾಗಿ ಬಂದಿತ್ತು. ಅವರು ಹತ್ತಿರ ಹೋಗಿ, ಒಂದು ಎಲೆಯ ಮೇಲೆ ಹೆಬ್ಬೆರಳು ಆಡಿಸಿ, ನನ್ನನ್ನು ಕರೆದರು. ಅವರ ಉಳಿಯ ಒಂದೊಂದು ಗುರುತೂ ಕಾಂಕ್ರೀಟಿನ ಮೇಲೆ ಇತ್ತು. ಮರದ ನಾರಿನ ಗೆರೆ ಸಹ ಇತ್ತು. "ಮರ ಕಲ್ಲಾಯ್ತಲ್ಲ ತಂಗಿ" ಅಂದರು. ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿ ಬಂದು ತಾನೂ ಕೈ ಇಟ್ಟು ನೋಡಿದ.

ಮೊದಲ ಮಳೆ ಜೂನ್ ಎರಡನೇ ವಾರ ಬಂತು. ಮೇಷ್ಟ್ರು ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದರು. ನೀರು ಮಾಡಿನಿಂದ ಬಳ್ಳಿಗೆ ಇಳಿದು, ಎಲೆ ಎಲೆಗೆ ಬಳಸಿ, ದೋಣಿಗೆ ಬೀಳುತ್ತಿದೆ. ಹಿಂದೆ ಮೇಷ್ಟ್ರ ಮೊಮ್ಮಗಳ ಕೂಗು. ನಾನು ಆ ವಿಡಿಯೋವನ್ನು ಗುಡಿಗಾರರಿಗೆ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಅವರ ವಾಯ್ಸ್ ಮೆಸೇಜ್ ಬಂತು. "ಚಂದ ಆಯ್ತು. ಆದರೆ ಮೂರನೇ ಎಲೆ ಹತ್ತಿರ ನೀರು ಹಾರ್ತಾ ಉಂಟು, ನೋಡಿದ್ರಾ? ಅಲ್ಲಿ ತಿರುವು ಇನ್ನೂ ಸ್ವಲ್ಪ ಉದ್ದ ಬೇಕಿತ್ತು. ಮುಂದಿನದ್ದಕ್ಕೆ ಸರಿ ಮಾಡುವ."

ಅದನ್ನು ಎರಡು ಸಲ ಕೇಳಿದೆ. ಆಮೇಲೆ ಅಂಕೋಲಾದಲ್ಲಿ ಹೊಸದಾಗಿ ಬಂದ ಒಂದು ಮನೆಯ ಜಾಗದ ಅಳತೆ, ಫೋಟೋ ಅವರಿಗೆ ಕಳಿಸಿದೆ. ನಕ್ಷೆ ಇನ್ನೂ ಶುರು ಮಾಡಿಲ್ಲ.